ಎರಡು ಬಾಗಿಲಿಗೆ ಒಂದು ಹೆಸರು

ಒಂಟಿಮನೆ, ಎರೆಗುಡ್ಡದ ಬುಡ
ಫೆಬ್ರುವರಿ ೩೦, ೨೩೯೧

ಮುಂದೆ ಚಾಪೆಯ ಮೇಲೆ ಕೂತವರೇ, ಹಿಂದೆ ಬೆಂಚು ಹಿಡಿದವರೇ, ಕಂಬಕ್ಕೊರಗಿ ನಿಂತವರೇ, ಟಿಕೆಟ್ಟಿಲ್ಲದೆ ತಡಿಕೆಯ ಸಂದಿನಲ್ಲಿ ಇಣುಕುವವರೇ! ಕಾಲದ ಆಚೆ ದಂಡೆಯಲ್ಲಿ ನೆರೆದಿರುವ ಮಹಾಜನರೇ, ಚನ್ನಮಲ್ಲ ಹೂಗಾರನ ಶರಣು. ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಹಬ್ಬಕ್ಕೆಂದು ಬಿಟ್ಟಿದ್ದೇವೆ. ಮಾತಿನ ನಡುವೆ ನೀವು ಕೇಳದ ಪದಗಳು ಬಂದಾವು, ಮನ್ನಿಸಿ. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ದನಿ ಜೋರಾಯಿತೆಂದರೆ ಅದನ್ನೂ ಮನ್ನಿಸಿ. ನಾನು ಹುಟ್ಟಿದ್ದು ನಾಟಕ ಕಂಪನಿಯ ಬಣ್ಣದ ಕೋಣೆಯಲ್ಲಿ. ಕೊನೆಯ ಬೆಂಚಿಗೆ ಕೇಳಿಸದ ಮಾತು ಆಡಿದ ಮಾತೇ ಅಲ್ಲ ಎಂದು ಬೆಳೆಸಿದರು. ಈಗ ಇಲ್ಲಿ ಮೊದಲ ಬೆಂಚೂ ಇಲ್ಲ, ಕೊನೆಯದೂ ಇಲ್ಲ. ಅದಕ್ಕೇ ನಿಮ್ಮನ್ನು ಸೇರಿಸಿದ್ದೇನೆ.

ಒಂಟಿಮನೆ ಎಂದರೆ ತಮ್ಮ ಬಗೆಯಲ್ಲಿ ಕೊನೆಯದಾಗಿ ಉಳಿದ ಜೀವಗಳನ್ನು ಇರಿಸುವ ಮನೆ. ಉದ್ದನೆಯ ಕಲ್ಲುಪಡಸಾಲೆ, ಎರಡೂ ಬದಿಗೆ ಕೋಣೆಗಳು, ಒಂದೊಂದು ಕೋಣೆಗೂ ಒಂದೊಂದೇ ಜೀವ. ಬಾಗಿಲ ಮೇಲೆ ಹಿತ್ತಾಳೆಯ ಫಲಕ, ಫಲಕದ ಮೇಲೆ ಅದರ ಹೆಸರು. ನಾನು ಇಲ್ಲಿಯ ನಾಮಗಾರ: ಜೀವಗಳನ್ನು ಹೋಲಿಸಿ ನೋಡಿ, ಯಾವುದು ಯಾವ ಕುಲದ್ದೆಂದು ಗೊತ್ತುಮಾಡಿ ಹೆಸರಿಡುವವನು. ಹೆಸರಿಡಲು ಹೊಸದೇನೂ ಸಿಗದೆ ಬಹಳ ಕಾಲವಾಯಿತು. ಈಗ ಮಣ್ಣಿಗೆ ನೀರು ಚಿಮುಕಿಸುವುದು, ಮಿಡತೆ ಸಾಕಿ ತಿನ್ನಿಸುವುದು, ಗಾಳಿ ತಂದ ಕೆಂಧೂಳನ್ನು ಗುಡಿಸುವುದು ನನ್ನ ಕಸುಬು. ಬೆಳಗಾದರೆ ಒಂದು ಕಟ್ಟಳೆಯಿದೆ. ಬಾಗಿಲು ಬಾಗಿಲಿಗೂ ನಿಂತು ಒಳಗಿರುವುದರ ಹೆಸರನ್ನು ಗಟ್ಟಿಯಾಗಿ ಕೂಗಬೇಕು. ಕೂಗುವವರಿರುವ ತನಕ ಆ ಬಗೆ ಅಳಿದಿಲ್ಲ ಎಂದು ಲೆಕ್ಕ. ಜೀವ ಹೋದ ದಿನ ಫಲಕವನ್ನು ಗೋಡೆಗೆ ಮುಖಮಾಡಿ ತಿರುಗಿಸುತ್ತೇವೆ. ಈಗ ಹೆಚ್ಚಿನ ಫಲಕಗಳು ಗೋಡೆ ನೋಡುತ್ತಿವೆ.

ಹೆಸರಿಡುವ ಶಾಸ್ತ್ರ ನಿಮ್ಮಿಂದಲೇ ಬಂದದ್ದು. ಹೆಸರಿಗೆ ಎರಡು ಪದ: ಮೊದಲನೆಯದು ಮನೆತನದಂತೆ, ಎರಡನೆಯದು ಆ ಮನೆತನದೊಳಗಿನ ಕುಡಿಯದು. ಹೆಸರನ್ನು ಕಟ್ಟಿಹಾಕಲು ಒಂದು ಸಾಕ್ಷಿದೇಹ ಬೇಕು; ಸತ್ತ ಒಂದು ಪ್ರಾಣಿಯನ್ನು ಮದ್ದಿನ ಶೀಶೆಯಲ್ಲಿಟ್ಟು ‘ಈ ಹೆಸರು ಇದರದು’ ಎನ್ನುವುದು. ಹೆಸರಿಟ್ಟವನು ತನ್ನ ಹೆಸರನ್ನೇ ಇಡುವಂತಿಲ್ಲ, ಬೇರೆಯವರದನ್ನು ಇಡಬಹುದು. ಎಲ್ಲಕ್ಕೂ ಮೇಲಿನ ನಿಯಮ, ಹಿರಿಯ ಹೆಸರಿನದು. ಎರಡು ಬಗೆ ಎಂದುಕೊಂಡದ್ದು ಒಂದೇ ಎಂದು ತಿಳಿದರೆ ಮೊದಲಿಟ್ಟ ಹೆಸರು ನಿಲ್ಲುತ್ತದೆ, ಆಮೇಲಿನದು ಬೀಳುತ್ತದೆ. ರಕ್ತದ ಹನಿಯಲ್ಲಿ ನಂಟು ಓದುವ ಯಂತ್ರಗಳು ನಿಮ್ಮಲ್ಲಿದ್ದವಂತೆ. ನಮ್ಮಲ್ಲಿ ಅವು ಕೆಟ್ಟು ತಲೆಮಾರುಗಳಾದವು. ನಾವು ಮತ್ತೆ ಕಣ್ಣನ್ನೇ ನಂಬಿ ಕೂತಿದ್ದೇವೆ: ಕಾಲಿನ ಮುಳ್ಳು, ಬೆನ್ನಿನ ಬಣ್ಣ, ಕಣ್ಣುಗಳ ಸಾಲು.

ಪಡಸಾಲೆಯ ಕೊನೆಯಲ್ಲಿ ಅಕ್ಕಪಕ್ಕದ ಎರಡು ಕೋಣೆಗಳಿವೆ, ಎರಡರಲ್ಲೂ ಜೇಡ. ಒಂದರಲ್ಲಿರುವುದು ಅಂಗೈ ತುಂಬುವ ಹೆಣ್ಣು; ಇದ್ದಿಲಿನಂಥ ಕಪ್ಪು, ಬಿಲ ಬಿಟ್ಟು ಹೊರಬರುವುದೇ ಇಲ್ಲ. ಅವಳ ಹೆಸರು ಊರ್ಣಿಕಾ ಎರೆಗುಡ್ಡೆನ್ಸಿಸ್. ನಿಮ್ಮ ಕಾಲದವರು ಯಾರೋ ಇದೇ ಗುಡ್ಡದಲ್ಲಿ ಸಿಕ್ಕ ಒಂದು ಹೆಣ್ಣನ್ನು ಶೀಶೆಗಿಳಿಸಿ ಇಟ್ಟ ಹೆಸರು. ಜೊತೆಗೆ ಗಂಡು ಇತ್ತೇ ಎಂದು ಅವರು ನೋಡಲಿಲ್ಲ. ಪಕ್ಕದಲ್ಲಿರುವುದು ಸಣಕಲು ಗಂಡು. ಉದ್ದ ಕಾಲು, ಅರಿಸಿನದ ಮೈ. ಎಲ್ಲಿಂದ ನೋಡಿದರೂ ಬೇರೆ ಮನೆತನ. ಅವನ ಹೆಸರು ದೀರ್ಘಪಾದಾ ನೀಲಗಂಗೇ. ಅಂದರೆ ನೀಲಗಂಗೆಯದು.

ನೀಲಗಂಗಾ ನನ್ನ ಹೆಂಡತಿ. ಗುಡ್ಡದ ಕೊನೆಯ ಶೋಧಕ್ಕೆ ಹೋದಾಗ ಈ ಜೇಡವನ್ನು ಹೆಸರುಕಾಳಿನಷ್ಟು ಮರಿಯಾಗಿ, ಸುಣ್ಣದ ಡಬ್ಬಿಯಲ್ಲಿ ತಂದವಳು. ಮರಿಯಲ್ಲಿ ಎಲ್ಲ ಜೇಡವೂ ಬೂದು. ಅದು ಪೊರೆ ಕಳಚಿ ಬಣ್ಣ ತೋರುವ ಹೊತ್ತಿಗೆ ಅವಳು ಜ್ವರದಲ್ಲಿ ಹೋಗಿದ್ದಳು. ನಾಮಸಭೆ, ಅಂದರೆ ಹೆಸರುಗಳನ್ನು ಒಪ್ಪುವ ನಮ್ಮ ಹಿರಿಯರ ಕೂಟ, ಕಳಚಿದ ಪೊರೆಯನ್ನೇ ಸಾಕ್ಷಿದೇಹವೆಂದು ಒಪ್ಪಿ ಶೀಶೆಗಿಳಿಸಿ, ಅವಳ ಹೆಸರನ್ನೇ ಅದಕ್ಕೆ ಇಟ್ಟಿತು. ಮಹಾಜನರೇ, ನಮ್ಮ ಸೀಮೆಯಲ್ಲಿ ಸತ್ತ ಹೆಂಡತಿಯ ಹೆಸರನ್ನು ಗಟ್ಟಿಯಾಗಿ ಕರೆಯುವವನನ್ನು ತಲೆಕೆಟ್ಟವನೆನ್ನುತ್ತಾರೆ. ನಾನಾದರೋ ದಿನಾ ಬೆಳಿಗ್ಗೆ ಕಟ್ಟಳೆಯ ಪ್ರಕಾರ, ಎದೆ ತುಂಬಿ, ಪಡಸಾಲೆ ಗುಂಯ್‌ಗುಡುವಂತೆ ಕರೆಯುತ್ತೇನೆ.

ಈ ಸುಗ್ಗಿಯಲ್ಲಿ ಗಂಡು ಕೊನೆಯ ಪೊರೆ ಕಳಚಿತು. ಅದಾದ ಮೇಲೆ ಗಂಡು ಜೇಡಕ್ಕೆ ಹೆಚ್ಚು ಆಯುಷ್ಯವಿಲ್ಲ. ಒಂದು ಸಂಜೆ ನೆಲ ಒರೆಸುತ್ತಿದ್ದಾಗ ಅಂಗೈಗೆ ಕಲ್ಲಿನ ಸಣ್ಣ ಅದುರು ತಾಕಿತು. ಅವನು ಮುಂಗಾಲಿನಿಂದ ಕಲ್ಲು ಬಡಿಯುತ್ತಿದ್ದ: ಮೂರು ಪೆಟ್ಟು, ಒಂದು ಬಿಡುವು, ಮತ್ತೆ ಮೂರು. ಜೇಡ ನೆಲ ಬಡಿಯುವುದು ಹೊಸತಲ್ಲ. ಆದರೆ ಆ ಬಿಡುವಿನಲ್ಲಿ ಗೋಡೆಯಾಚೆಯಿಂದ ಒಂದೇ ಒಂದು ಭಾರದ ಪೆಟ್ಟು ಬಂತು. ಕಂಪನಿಯಲ್ಲಿ ಬೆಳೆದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ತಬಲದವನು ಬಿಟ್ಟ ಜಾಗಕ್ಕೆ ತೆರೆಯ ಹಿಂದಿನಿಂದ ಗೆಜ್ಜೆ ಉತ್ತರ ಕೊಟ್ಟರೆ ಒಳಗಿರುವವಳು ಅದೇ ನಾಟಕದವಳು. ಅವಳ ವೇಷ ಬೇರೆ, ಅಷ್ಟೇ. ಬೇರೆ ಜೇಡಗಳ ಬಡಿತವನ್ನು ಅದೇ ಕಲ್ಲಿನ ಮೇಲೆ ನಾನೇ ಬೆರಳಿನಿಂದ ನುಡಿಸಿ ನೋಡಿದೆ. ಅವಳು ಅಲುಗಲಿಲ್ಲ. ಅವನದಕ್ಕೆ ಮಾತ್ರ ಉತ್ತರ.

ನಾಮಸಭೆಯಲ್ಲಿ ಈಗ ಉಳಿದಿರುವವರು ಜೈತುನಬಿ ಅಕ್ಕ ಒಬ್ಬರೇ. ಬಿಸಿಲು ಕುಡಿದು ಓಡುವ ಬಿಸಿಲುಗಾಡಿಯಲ್ಲಿ ತಿಂಗಳಿಗೊಮ್ಮೆ ಬಂದು, ನನಗೆ ಸಜ್ಜಿರೊಟ್ಟಿ ಕಟ್ಟಿಕೊಟ್ಟು, ಫಲಕಗಳನ್ನು ನೋಡಿ ಹೋಗುವವರು. ನಿನ್ನೆ ಬಂದಾಗ ಎಲ್ಲ ಹೇಳಿದೆ, ಇವೆರಡೂ ಒಂದೇ ಬಗೆಯ ಗಂಡುಹೆಣ್ಣು ಎಂದೆ. ನಾಟಕದವನಿಗೆ ಎಲ್ಲಿ ನೋಡಿದರೂ ಲಗ್ನವೇ ಕಾಣುತ್ತದೆಂದು ಮೊದಲು ನಕ್ಕರು. ಆಮೇಲೆ ಚಪ್ಪಲಿ ಬಿಟ್ಟು, ನೆಲಕ್ಕೆ ಅಂಗೈ ಹಚ್ಚಿ ಬಹಳ ಹೊತ್ತು ಕೂತರು. ಎದ್ದಾಗ ನಗು ಇರಲಿಲ್ಲ. ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಎತ್ತಿ ತೆಗೆಯುವ ಮರದ ಹಲಗೆಯೊಂದಿದೆ. ಅದನ್ನು ತೋರಿಸಿ ಹೇಳಿದರು:

“ತಮ್ಮಾ, ಆ ಹಲಿಗಿ ಎತ್ತಿದಿ ಅಂದ್ರ ಎರಡರಾಗ ಒಂದ ಆಗತೈತಿ. ನಿನ್ನ ಮಾತು ಸುಳ್ಳಿದ್ರ ಆಕಿ ಅವನ್ನ ತಿಂದ ಹಾಕ್ತಾಳ. ಖರೆ ಇದ್ರ ನೀಲಗಂಗಾನ ಹೆಸರ ಹೋಗತೈತಿ. ನಾ ಆ ಫಲಕ ಇಳಸಬೇಕಾಗತೈತಿ. ಆಮ್ಯಾಲ ನೀ ಬೆಳಿಗ್ಗೆದ್ದು ಯಾರನ್ನ ಕರೀತಿ?”

ನಾನು ಹಲಗೆಯ ಮೇಲಿನ ಕೆಂಧೂಳನ್ನು ಅಂಗೈಯಿಂದ ಒರೆಸಿದೆ. ಹೇಳಿದ್ದು ಇಷ್ಟೇ:

“ಆಕೀನ ಇದ್ದಿದ್ರ ಕೇಳತಿದ್ದಿಲ್ಲ ಅಕ್ಕಾ. ಯಾವಾಗೋ ಎತ್ತಿರತಿದ್ಲು.”

ಅಕ್ಕ ರೊಟ್ಟಿಯ ಗಂಟನ್ನು ಕೈಗಿಟ್ಟು, ನಾಳಿದ್ದು ಫಲಕ ಇಳಿಸಲು ಸುತ್ತಿಗೆ ತರುತ್ತೇನೆಂದು ಹೇಳಿ ಹೋದರು.

ಆಚೆ ದಂಡೆಯ ಬಂಧುಗಳೇ, ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಕಾಲದಲ್ಲಿ ಈ ಗುಡ್ಡದ ತುಂಬ ಇಂಥ ಜೀವಗಳಿವೆ. ಯಾವುದಕ್ಕಾದರೂ ಹೆಸರಿಡುವ ಮೊದಲು, ಶೀಶೆಯ ಮುಚ್ಚಳ ತಿರುಗಿಸುವ ಮೊದಲು, ಒಂದು ಸಂಜೆ ಸುಮ್ಮನೆ ಕೂತು ಅದು ಯಾರನ್ನು ಕರೆಯುತ್ತದೆ ನೋಡಿ. ಇನ್ನೊಂದು ಸ್ವಂತದ್ದು. ಎರೆಗುಡ್ಡದ ಕಡೆ ಹೋದರೆ, ನೆಲ ಬಡಿಯುವ ಅರಿಸಿನದ ಜೇಡ ಕಂಡರೆ, ಒಮ್ಮೆ ನೀಲಗಂಗಾ ಎಂದು ಕೂಗಿ. ಆ ಹೆಸರನ್ನು ಅಲ್ಲಿನ್ನೂ ಯಾರೂ ಯಾವುದಕ್ಕೂ ಇಟ್ಟಿಲ್ಲ. ಇಡದ ಹೆಸರನ್ನು ಬೀಳಿಸುವ ನಿಯಮ ಯಾವ ಶಾಸ್ತ್ರದಲ್ಲೂ ಇಲ್ಲ.

ಇಂದು ಸಂಜೆ ಅವನ ಬಡಿತದಲ್ಲಿ ಒಂದು ಪೆಟ್ಟು ತಪ್ಪಿತು. ಇನ್ನು ತಡಮಾಡುವಂತಿಲ್ಲ. ನಾಳೆ ಬೆಳಿಗ್ಗೆ ಎದ್ದು, ಮಣ್ಣಿಗೆ ನೀರು ಚಿಮುಕಿಸಿ, ಅವಳು ಹಸಿದಿರಬಾರದೆಂದು ಹೊಟ್ಟೆತುಂಬ ಮಿಡತೆ ಹಾಕುತ್ತೇನೆ. ಆಮೇಲೆ ಅವನ ಬಾಗಿಲಿಗೆ ನಿಂತು, ನಿಮ್ಮ ಕೊನೆಯ ಬೆಂಚಿನವರೆಗೂ ಕೇಳುವಂತೆ, ನನ್ನ ಹೆಂಡತಿಯ ಹೆಸರನ್ನು ಒಂದು ಸಲ ಕೂಗುತ್ತೇನೆ. ಕೂಗಿ, ಹಲಗೆ ಎತ್ತುತ್ತೇನೆ.