ಹೊರಗಿನ ಚಿಲಕ

ಜುಲೈ 11, ಶುಕ್ರವಾರ

ಎಂಟನೇ ಕ್ಲಾಸಿನ ರಿಪೋರ್ಟ್ ಕಾರ್ಡುಗಳಿಗೆ ರಿಮಾರ್ಕ್ಸ್ ಮುಗಿಯಿತು. ಮುಗಿಸಿದ್ದು ನಾನಲ್ಲ, ಎಐ. ಹೆಸರು, ಮಾರ್ಕ್ಸು, ಒಂದೆರಡು ಪದ ಕೊಟ್ಟರೆ ಸಾಕು. ಬೈಯದೆ, ಅತಿಯಾಗಿ ಹೊಗಳದೆ, ಹದವಾಗಿ ಬರೆದುಕೊಡುತ್ತದೆ. ಮೊದಲೆಲ್ಲ ವಾರ ಹಿಡಿಯುತ್ತಿದ್ದ ಕೆಲಸ.

ಸಂಜೆ ಸ್ಕೂಲ್ ಗೇಟಿನಲ್ಲಿ ಶೃತಿಯ ತಾಯಿ ನಿಲ್ಲಿಸಿಕೊಂಡರು. "ನಮ್ಮುಡ್ಗಿ ಎಂಗೆ ಮಿಸ್?" ಚೆನ್ನಾಗಿ ಓದುತ್ತಾಳೆ, ಕಾನ್ಫಿಡೆನ್ಸ್ ಬೆಳೆಸಿಕೊಳ್ಳಬೇಕು ಎಂದೆ. ಆಟೋ ಹತ್ತಿದ ಮೇಲೆ ಹೊಳೆಯಿತು, ಅದು ಕಾರ್ಡಿನಲ್ಲಿದ್ದ ಸಾಲು. ಶೃತಿ ಯಾವ ಬೆಂಚಿನಲ್ಲಿ ಕೂರುತ್ತಾಳೆ? ನೆನಪಿಸಿಕೊಳ್ಳಲು ನೋಡಿದೆ. ಮುಖವೇ ಬರಲಿಲ್ಲ.

ಮನೆಗೆ ಬಂದರೆ ಜಗಲಿಯ ಮೇಲೆ ರೂಪ ಕೂತಿದ್ದಾಳೆ. ನನ್ನ ತಂಗಿ. ಗುಂಡ್ಲುಪೇಟೆಯಿಂದ ಒಬ್ಬಳೇ, ಬಸ್ಸಿನಲ್ಲಿ, ಫೋನೂ ಮಾಡದೆ. ಒಂದೇ ಬ್ಯಾಗು. ಕಾಲಿನಲ್ಲಿ ಒಂದು ಕಂದು ಚಪ್ಪಲಿ, ಒಂದು ಕಪ್ಪು.

"ಇದೇನೇ, ಹೊಸ ಫ್ಯಾಷನ್ನಾ?" ಎಂದೆ.

ಕೆಳಗೆ ನೋಡಿಕೊಂಡು ನಕ್ಕಳು. ತುಂಬ ಹೊತ್ತು ನಕ್ಕಳು. ಆಮೇಲೆ ಕಾಫಿ ಕೇಳಿದಳು.

ಜುಲೈ 12, ಶನಿವಾರ

ಹಿತ್ತಲಿನಲ್ಲಿ ಬಟ್ಟೆ ಹರವುವಾಗ ಬಾಯಿ ಬಿಟ್ಟಳು. ಬೆಡ್‌ಶೀಟಿನ ಆ ಕಡೆ ಅವಳು, ಈ ಕಡೆ ನಾನು. ಮುಖ ಕಾಣದಿದ್ದುದೇ ಅನುಕೂಲವಾಯಿತೇನೋ.

"ಅವ್ರು ಮಂಡಿಗೆ ಹೋಗುವಾಗ ಹೊರಗಿಂದ ಚಿಲಕ ಹಾಕ್ಕೊಂಡು ಹೋಗ್ತಾರಕ್ಕ."

"ಯಾಕೆ?"

"ಚಿರತೆ ಬತ್ತದೆ ಅಂತಾರೆ."

"ಚಿರತೆ ಬಂದು ಬಾಗಿಲು ತಟ್ಟುತ್ತಾ?"

"ಯಾರ್ ತಟ್ಟಿದ್ರೂ ಅವ್ರಿಗೆ ಚಿರತೆನೇ."

ರೂಪಳ ಗಂಡ ಮಹದೇವಸ್ವಾಮಿ ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ. ಚೆಂಡುಹೂವಿನ ವ್ಯಾಪಾರ, ಕೇರಳಕ್ಕೆ ಲೋಡು ಕಳಿಸುತ್ತಾರೆ. ಯಾರನ್ನು ಕೇಳಿದರೂ ಒಳ್ಳೆಯವರು ಎನ್ನುತ್ತಾರೆ, ನಾನೂ ಹಾಗೇ ಎನ್ನುತ್ತಿದ್ದೆ. ಫೋನ್ ಬಂದರೆ ಯಾರದ್ದು, ಸಂತೆಗೆ ಯಾಕೆ, ಜಡೆ ಯಾಕೆ ಹಾಗೆ ಹೆಣೆದುಕೊಂಡೆ. ಮೊದಲು ಪ್ರಶ್ನೆಗಳಿದ್ದವು, ಈಗ ಚಿಲಕ. ನಿನ್ನೆ ಪಕ್ಕದ ಮನೆಯ ನಯನಾಳನ್ನು ಕಿಟಕಿಯಿಂದ ಕೂಗಿ ತೆಗೆಸಿಕೊಂಡು ಬಂದಳಂತೆ. "ಬರೀ ಚಿಲಕ ತಾನೆ, ಬೀಗ ಇಲ್ವಲ್ಲ" ಎಂದಳು, ಗಂಡನ ಪರ ವಹಿಸಿದ ಹಾಗೆ.

ಬಟ್ಟೆ ಮುಗಿದಿತ್ತು. ಖಾಲಿ ಬಕೆಟ್ ಹಿಡಿದು ನಿಂತೇ ಇದ್ದಳು.

"ಅಪ್ಪ ಇದ್ದಿದ್ರೆ ಅಪ್ಪನ್ನ ಕೇಳ್ತಿದ್ದೆ. ಈಗ ನೀನೇ. ವಾಪಸ್ ಹೋಗ್ಲಾ, ಬೇಡ್ವಾ? ನೀ ಹೇಳ್ದಂಗೆ ಮಾಡ್ತೀನಿ."

ಯೋಚನೆ ಮಾಡುತ್ತೇನೆ ಎಂದೆ.

ಯೋಚನೆ ಮಾಡಿದ್ದು ಫೋನಿನಲ್ಲಿ. ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ, ನನಗೆ ಗಂಭೀರ ವಿಷಯಗಳು ಇಂಗ್ಲಿಷಿನಲ್ಲೇ ಬರುವುದು. ತಂಗಿ, ಮೂವತ್ತೇಳು ವಯಸ್ಸು, ಮಕ್ಕಳಿಲ್ಲ, ಗಂಡ ಸ್ವಲ್ಪ ಪೊಸೆಸಿವ್, ಮಾತುಕತೆ ಕಡಿಮೆ. ಅವಳು ಏನು ಮಾಡಬೇಕು? ಚಿಲಕದ ವಿಷಯ ಅರ್ಧ ಬರೆದು ಅಳಿಸಿದೆ. ಮನೆಯ ಮಾತು. ಪಕ್ಕದವರ ಮುಂದೆ ಆಡದ್ದನ್ನು ಮಷೀನಿನ ಮುಂದೆ ಆಡಲಿಕ್ಕೂ ಬೆರಳು ಏಳಲಿಲ್ಲ. ಅಪ್ಪನ ಕಾಲದಿಂದಲೂ ನಮ್ಮಲ್ಲಿ ಹಾಗೇ. ಯಾರಾದರೂ ಬಂದರೆ ಮೊದಲು ನಡುಮನೆಯ ಪರದೆ ಎಳೆಯುವುದು, ಆಮೇಲೆ ಬನ್ನಿ ಎನ್ನುವುದು.

ಉತ್ತರ ಚೆನ್ನಾಗಿತ್ತು. ಆತುರ ಬೇಡ, ಇಬ್ಬರೂ ಮನಸ್ಸು ಬಿಚ್ಚಿ ಮಾತಾಡಲಿ, ಬೇಕಾದರೆ ಕೌನ್ಸೆಲಿಂಗ್… ಕೊನೆಯಲ್ಲಿ ಅದೂ ನನ್ನನ್ನು ಏನೋ ಕೇಳಿತ್ತು. ಪ್ರಶ್ನಾರ್ಥಕ ಚಿಹ್ನೆ ಕಣ್ಣಿಗೆ ಬಿತ್ತು. ಓದಲಿಲ್ಲ. ಬೇಕಾದ್ದು ಸಿಕ್ಕಿದ ಮೇಲೆ ಮುಂದೆ ಓದುವ ಅಭ್ಯಾಸ ತಪ್ಪಿಹೋಗಿದೆ.

ಜುಲೈ 13, ಭಾನುವಾರ

ತಿಂಡಿಯ ಹೊತ್ತಿಗೆ ಹೇಳಿದೆ. ಕನ್ನಡದಲ್ಲಿ, ನನ್ನದೇ ಮಾತಿನ ಹಾಗೆ.

ರೂಪ ಉಪ್ಪಿಟ್ಟು ಮುಟ್ಟದೆ ಕೇಳಿಸಿಕೊಂಡಳು. "ಎಷ್ಟ್ ಚೆನ್ನಾಗಿ ಹೇಳ್ತೀಯಕ್ಕ" ಎಂದಳು. ತಟ್ಟೆ ಪಕ್ಕಕ್ಕೆ ಸರಿಸಿ, "ನಿಂಗೇನನ್ಸುತ್ತೆ?"

"ಅದೇ ಹೇಳಿದ್ನಲ್ಲ."

ನನ್ನ ಯಜಮಾನರು ಪೇಪರಿನ ಹಿಂದಿನಿಂದ ನನ್ನ ಕಡೆ ಒಂದು ನೋಟ ನೋಡಿದರು. ಇವರಿಗೆ ಗೊತ್ತು. ಫ್ರಿಜ್ ಕೊಳ್ಳುವಾಗಿನಿಂದ, "ಶಿವರಂಜನಿ, ನಿನ್ನ ಎಐ ಏನಂತು?" ಎಂದು ಕಾಲೆಳೆಯುತ್ತಲೇ ಇದ್ದಾರೆ. ಇವತ್ತು ಪೇಪರಿಗೇ ವಾಪಸ್ಸಾದರು. ಕಾಲೆಳೆದಿದ್ದರೆ ಒಳ್ಳೆಯದಿತ್ತು.

ನನಗೇನನ್ನಿಸುತ್ತದೆ? ನಿನ್ನೆ ಹಿತ್ತಲಿನಲ್ಲಿ ಚಿಲಕ ಎಂದಾಗ ಇವಳನ್ನು ವಾಪಸ್ ಕಳಿಸಬಾರದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಉತ್ತರ ಓದಿದ ಮೇಲೆ ಹೋಯಿತು. ಹೋದದ್ದು ಒಳ್ಳೆಯದು ಎಂದುಕೊಂಡೆ.

ಜುಲೈ 14, ಸೋಮವಾರ

ಚಿಕ್ಕಬಸಮ್ಮತ್ತೆ ಬಿಡಲಿಲ್ಲ. ಅಪ್ಪನ ತಂಗಿ, ಹರದನಹಳ್ಳಿಯವರು. ಹೂ ಕೇಳದೆ ಮನೆಮಗಳನ್ನು ಎಲ್ಲಿಗೂ ಕಳಿಸುವ ಹಾಗಿಲ್ಲ ಎಂದು ಹಠ. ಸ್ಕೂಲಿಗೆ ಅರ್ಧ ದಿನ ರಜೆ ಹಾಕಿ ಮೂವರೂ ಮನೆದೇವರ ಗುಡಿಗೆ ಹೋದೆವು. ಪೂಜಾರಿ ಮುದ್ದಯ್ಯ ದೇವರ ನೆತ್ತಿಯ ಮೇಲೆ ಹೂ ಏರಿಸಿದರು. ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ.

ಅತ್ತೆ ಗುಡಿ ಅದುರುವ ಹಾಗೆ ಶುರು ಮಾಡಿದರು. "ನೋಡಪ್ಪ, ನಮ್ಮುಡ್ಗೀನ ಅವ್ಳ ಗಂಡ ದನ ಕೂಡ್ದಂಗೆ ಕೂಡ್ಬುಟ್ಟು ಚಿಲ್ಕ ಹಾಕಂಡು ಓಯ್ತನೆ. ಯಾರ್ಗೂ ಫೋನ್ ಮಾಡಂಗಿಲ್ಲ, ಕಿಟ್ಕೀಲಿ ನಿಲ್ಲಂಗಿಲ್ಲ. ಇವ್ಳ ಕಳ್ಸದಾದ್ರೆ ಬಲ್ಗಡೆ ಕೊಡು, ಮಡಿಕಳದಾದ್ರೆ ಎಡ್ಗಡೆ ಕೊಡು."

ಪ್ರದಕ್ಷಿಣೆ ಹಾಕುತ್ತಿದ್ದವರೆಲ್ಲ ನಿಂತು ಕೇಳಿಸಿಕೊಂಡರು.

"ಅತ್ತೆ, ಮೆಲ್ಲಗೆ."

"ದೇವ್ರ ಮುಂದ ಏನಮ್ಮಿ ಮೆಲ್ಲಗೆ? ಅವನ್ಗೂ ಕಿವಿ ಕೇಳಬ್ಯಾಡ್ವಾ?"

"ಚಿರತೆ ಕಾಟ ಇರ್ಬೌದು ಬುಡವ್ವ" ಎಂದರು ಮುದ್ದಯ್ಯ.

ಹೂ ಬೀಳಲಿಲ್ಲ. ಕಾದೆವು. ಫ್ಯಾನ್ ಆಫ್ ಮಾಡಿಸಿ ಮತ್ತೆ ಕಾದೆವು. ಬೀಳಲೇ ಇಲ್ಲ. "ಇವತ್ತು ಆಗಲ್ಲ ಕಣವ್ವ, ಬರೋ ಸೋಮಾರ ಬನ್ನಿ" ಎಂದು ಮುದ್ದಯ್ಯ ಇಳಿಸಿಬಿಟ್ಟರು.

ಆಟೋದಲ್ಲಿ ಅತ್ತೆಗೆ ಹೇಳಿದೆ, ನಿರ್ಧಾರ ನಾವು ತೆಗೆದುಕೊಳ್ಳಬೇಕು, ಹೂವಲ್ಲ.

"ಸರಿ ತಗೋ ಮತ್ತೆ. ಏನ್ ತಗಂಡೆ?"

ಹೇಳಿದೆ. ಆತುರ ಬೇಡ, ಮನಸ್ಸು ಬಿಚ್ಚಿ…

"ಇದೇನಮ್ಮಿ, ರೇಡಿಯೋ ಮಾತಾಡ್ದಂಗೆ ಮಾತಾಡ್ತಿ!"

ರೂಪ ಹೊರಗೆ ನೋಡುತ್ತಿದ್ದಳು.

ಜುಲೈ 17, ಗುರುವಾರ

ಮಹದೇವಸ್ವಾಮಿ ಬಂದರು. ಏಲಕ್ಕಿ ಬಾಳೆಯ ಗೊನೆ ತಂದಿದ್ದರು. ಕೂತವರು ತಲೆ ಎತ್ತಲಿಲ್ಲ.

"ಅವ್ಳೊಬ್ಳೇ ಇರ್ತಾಳಲ್ಲ ಅತ್ತಿಗೆ, ನಂಗೆ ಜೀವ ತಡಿಯಲ್ಲ. ಅದ್ಕೆ ಹಾಕ್ತೀನಿ. ತಪ್ಪು ಅನ್ನಿ, ತಿದ್ಕತೀನಿ. ನೀವು ಓದ್ದೋರು."

ತಪ್ಪು ಎನ್ನಬೇಕಿತ್ತು. ಇಬ್ಬರೂ ಮನಸ್ಸು ಬಿಚ್ಚಿ ಮಾತಾಡಿ ಎಂದೆ. ತಲೆಯಾಡಿಸಿದರು. ಎಷ್ಟು ಸಲೀಸಾಗಿ ಒಪ್ಪಿಕೊಂಡರು!

ಬಾಗಿಲಲ್ಲಿ ರೂಪ ತಿರುಗಿದಳು. "ಹೋಗ್ಲಾ ಅಕ್ಕ?"

ಗಂಡನ ಮುಂದೆಯೇ ಕೇಳಿದಳು. ಮತ್ತೆ ಹೂ ಕೇಳಬೇಕಿದ್ದ ಸೋಮವಾರ ಇನ್ನೂ ಬಂದಿರಲಿಲ್ಲ.

"ಹೂಂ, ಹೋಗು."

ನನ್ನ ಚಪ್ಪಲಿ ಮೆಟ್ಟಿಕೊಂಡು ಹೋದಳು. ಅವಳ ಕಂದು ಒಂದು, ಕಪ್ಪು ಒಂದು ಜಗಲಿಯಲ್ಲೇ ಉಳಿದಿವೆ.

ಆಗಸ್ಟ್ 6, ಬುಧವಾರ

ಬರೆಯಲು ಆಗಿರಲಿಲ್ಲ. ಇನ್‌ಸ್ಪೆಕ್ಷನ್, ಪೇರೆಂಟ್ಸ್ ಮೀಟಿಂಗ್, ಆಗಸ್ಟ್ ಹದಿನೈದರ ಪ್ರಾಕ್ಟೀಸ್. ರೂಪಳ ಮೆಸೇಜ್ ದಿನಾ ಬರುತ್ತಿದೆ. ಚೆನ್ನಾಗಿದ್ದಾಳೆ. ಊಟವಾಯಿತು, ಮನೆಯಲ್ಲಿ ಎಲ್ಲ ಸರಿಯಿದೆ. ನಾನೂ ದಿನಾ ಉತ್ತರ ಕೊಡುತ್ತೇನೆ. ಕೆಳಗೆ ಫೋನೇ ತೋರಿಸುವ ಸಾಲನ್ನು ಒತ್ತಿದರೆ ಆಯಿತು. ಸಂತೋಷ, ಹೀಗೇ ಇರು.

ಅತ್ತೆ ಫೋನಿನಲ್ಲಿ, "ದನಿ ಕೇಳ್ದಾ?" ಎಂದರು. ಮೆಸೇಜ್ ಬರುತ್ತದಲ್ಲ ಅತ್ತೆ ಎಂದೆ.

ಆಗಸ್ಟ್ 20, ಬುಧವಾರ

ಗೌರಿ ಹಬ್ಬಕ್ಕೆ ಬಾ, ಬಾಗಿನ ಕೊಡಬೇಕು, ಸೀರೆ ಯಾವ ಬಣ್ಣ ಹೇಳು ಎಂದು ಹಾಕಿದ್ದೆ. ಉತ್ತರ ಬಂತು.

"ಪ್ರೀತಿಯ ಅಕ್ಕ, ನಿಮ್ಮ ಆಹ್ವಾನಕ್ಕೆ ಹೃತ್ಪೂರ್ವಕ ಧನ್ಯವಾದಗಳು. ಕಾರಣಾಂತರಗಳಿಂದ ಈ ಬಾರಿ ಬರಲು ಸಾಧ್ಯವಾಗುತ್ತಿಲ್ಲ. ನಿಮಗೂ ನಿಮ್ಮ ಕುಟುಂಬಕ್ಕೂ ಹಬ್ಬದ ಶುಭಾಶಯಗಳು."

ಸ್ಟಾಫ್ ರೂಮಿನಲ್ಲಿ ನಿಂತೇ ಓದಿದೆ. ಮತ್ತೆ ಓದಿದೆ.

ರೂಪ ಹುಟ್ಟಿದಾಗಿನಿಂದ ನನಗೆ ನೀವು ಎಂದವಳಲ್ಲ. ಸೀರೆ ಎಂದರೆ ಮೂರು ದಿನ ಜಗಳವಾಡುವವಳು. ಹೋದ ವರ್ಷ, "ಆ ಗಿಣಿ ಹಸಿರು ತಂದ್ರೆ ನಿಂಗೇ ಉಡುಸ್ತೀನಿ" ಎಂದು ಹಾಕಿದ್ದಳು.

ಈ ಬರವಣಿಗೆ ನನಗೆ ಚೆನ್ನಾಗಿ ಗೊತ್ತು. ಪೇರೆಂಟ್ಸಿಗೆ ನಾನು ದಿನಾ ಕಳಿಸುವುದು ಇದನ್ನೇ. ಹಿಂದಕ್ಕೆ ಹೋಗಿ ನೋಡಿದೆ. ಜುಲೈ ಕೊನೆಯಿಂದ ಎಲ್ಲವೂ ಹೀಗೇ ಇವೆ, ಸಾಲು ಮುಗಿದ ಕಡೆಯೆಲ್ಲ ಫುಲ್‌ಸ್ಟಾಪ್. ಯಾರೋ ಕೂತು ಎಐ ಕೈಲಿ ಬರೆಸಿದ್ದಾರೆ. ಯಾರೋ ಏನು, ಮಹದೇವಸ್ವಾಮಿಯೇ. ಅದರ ಕೆಳಗೆ ನನ್ನ ಉತ್ತರಗಳು. ಅವೂ ನನ್ನವಲ್ಲ. ಇಷ್ಟು ದಿನ ಆ ಮಾತುಕತೆಯಲ್ಲಿ ರೂಪನೂ ಇರಲಿಲ್ಲ, ನಾನೂ ಇರಲಿಲ್ಲ.

ಫೋನ್ ಮಾಡಿದೆ. ಎತ್ತಿದ್ದು ಮಹದೇವಸ್ವಾಮಿ. "ಸ್ನಾನಕ್ಕೋಗವ್ಳೆ ಅತ್ತಿಗೆ." ಸಂಜೆ ಮತ್ತೆ ಮಾಡಿದೆ. "ತಲೆನೋವು ಅಂತ ಮಲ್ಗವ್ಳೆ."

ಆಗಸ್ಟ್ 24, ಭಾನುವಾರ, ಸಂಜೆ

ಹೋಗಿ ಬಂದೆವು. ಅತ್ತೆ, ನಾನು, ಬಾಗಿನದ ಮೊರ. ದಾರಿಯುದ್ದಕ್ಕೂ ಚೆಂಡುಹೂವಿನ ಹೊಲಗಳು, ರಸ್ತೆ ಬದಿಯಲ್ಲಿ ಕೇರಳದ ಕಾರುಗಳು, ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುವವರು. ಓಣಂ ಹತ್ತಿರ ಬಂದಿದೆ, ಮಹದೇವಸ್ವಾಮಿ ಮಂಡಿಯಲ್ಲೇ ಇರುತ್ತಾರೆ ಎಂದು ಎಣಿಸಿಯೇ ಹೋಗಿದ್ದು.

ಊರಾಚೆಯ ಹೊಸ ಬಡಾವಣೆ. ಬಾಗಿಲಿಗೆ ಹೊರಗಿನಿಂದ ಚಿಲಕ. ಬೀಗ ಇರಲಿಲ್ಲ. ಹೊಸ್ತಿಲ ಪಕ್ಕದಲ್ಲಿ ಒಂದು ಕಪ್ಪು ಚಪ್ಪಲಿ, ಒಂದು ಕಂದು, ನಮ್ಮ ಜಗಲಿಯಲ್ಲಿ ಉಳಿದವುಗಳ ಜೋಡಿ.

ಕೂಗಿದೆವು. ರೂಪ ಕಿಟಕಿಗೆ ಬಂದಳು. ಕೊರಳ ಮೂಳೆ ಎದ್ದಿತ್ತು.

"ಫೋನ್ ಎಲ್ಲೇ?" ಎಂದೆ.

"ಅವ್ರತ್ರ. ನಿನ್ ಮೆಸೇಜ್ ಬಂದಾಗ ಓದಿ ಹೇಳ್ತಾರೆ. ಸಂತೋಷ, ಹೀಗೇ ಇರು ಅಂತಿದ್ಯಲ್ಲ, ದಿನಾ."

ಅತ್ತೆ ಮೊರವನ್ನು ಕೆಳಗಿಟ್ಟು ಚಿಲಕಕ್ಕೆ ಕೈ ಹಾಕಿದರು.

"ತಾಳತ್ತೆ." ರೂಪ ಕಿಟಕಿಯ ಸರಳು ಹಿಡಿದುಕೊಂಡಳು. "ನೀವ್ ತೆಗೀತೀರಿ, ಬಸ್ ಹತ್ತಿ ಹೋಗ್ತೀರಿ. ಆಮೇಲೆ? ಹೋದ್ಸಲ ನಾ ಬಂದು ಏನಾಯ್ತು? ತೆಗುದ್ರೆ ನಾ ಎಲ್ಲಿಗೆ ಹೋಗ್ಲಿ? ಅದ ಹೇಳಿ ತೆಗೀರಿ."

ಕೇಳಿದ್ದು ಅತ್ತೆಯನ್ನು, ನೋಡಿದ್ದು ನನ್ನನ್ನು.

ನನ್ನ ಕೈ ಬ್ಯಾಗಿನೊಳಗೆ ಹೋಯಿತು. ನಾನು ಕಳಿಸಲಿಲ್ಲ, ತಾನಾಗಿ ಹೋಯಿತು. ಫೋನ್ ಅರ್ಧ ಹೊರಬಂದಾಗ ನನಗೇ ಗೊತ್ತಾಗಿದ್ದು. ರೂಪ ಅದನ್ನು ನೋಡಿದಳು. ಅಂಥ ಮುಖವನ್ನು ನಾನು ಅವಳಲ್ಲಿ ಕಂಡಿರಲಿಲ್ಲ. ಕೋಪವಲ್ಲ. ಲೆಕ್ಕ ತಾಳೆಯಾದ ಮುಖ.

"ಅವತ್ತೂ ಅದನ್ನೇ ಕೇಳಿದ್ದೇನಕ್ಕ?"

ಇಲ್ಲ ಎನ್ನಬಹುದಿತ್ತು. ಹೂಂ ಎಂದೆ.

ಕಿಟಕಿ ಮುಚ್ಚಿಕೊಂಡಳು. ಮೆತ್ತಗೆ ಮುಚ್ಚಿದಳು. ಎಷ್ಟು ಕೂಗಿದರೂ ಬರಲಿಲ್ಲ. ಅತ್ತೆ ಚಿಲಕ ತೆಗೆದೇಬಿಟ್ಟರು. ಬಾಗಿಲು ಅಲುಗಲಿಲ್ಲ. ಒಳಗಿನಿಂದಲೂ ಹಾಕಿಕೊಂಡಿದ್ದಳು.

ಬಾಗಿನವನ್ನು ನಯನಾಳ ಕೈಯಲ್ಲಿ ಕೊಟ್ಟು ಬಂದೆವು. ಬಸ್ಸಿನಲ್ಲಿ ಅತ್ತೆ ಬೇರೆ ಸೀಟಿನಲ್ಲಿ ಕೂತರು.

ಮನೆಗೆ ಬಂದು ಜುಲೈನಲ್ಲಿ ಎಐ ಕೊಟ್ಟಿದ್ದ ಉತ್ತರವನ್ನು ತೆಗೆದು ನೋಡಿದೆ. ಆವತ್ತು ಓದದೆ ಬಿಟ್ಟ ಕೊನೆಯ ಸಾಲು ಹಾಗೇ ಇದೆ. ನಿಮ್ಮ ತಂಗಿಗೆ ಆ ಮನೆಯಲ್ಲಿ ಭಯವಿದೆಯೇ? ಬೇಕಾದರೆ ಹೋಗಿ ಇರಲು ಅವರಿಗೆ ಒಂದು ಜಾಗವಿದೆಯೇ?

ಮಷೀನನ್ನು ಬೈಯೋಣವೆಂದರೆ ಅದಕ್ಕೂ ದಾರಿಯಿಲ್ಲ. ಅದು ಕೇಳಿತ್ತು. ಅವಳು ಏನು ಮಾಡಬೇಕು ಎಂದು ನಾನು ಬರೆದೆ. ನಾನು ಏನು ಮಾಡಬೇಕು ಎಂದು ಬರೆಯಲೇ ಇಲ್ಲ.

ಆಗಸ್ಟ್ 25, ಸೋಮವಾರ, ಬೆಳಿಗ್ಗೆ

ನಯನಾ ಫೋನ್ ಮಾಡಿದ್ದಳು. "ಅವ್ರು ಬಾಗಿನ ನೋಡ್ಬುಟ್ರು ಅಕ್ಕ. ಏನೂ ಕೂಗಾಡ್ಲಿಲ್ಲ. ಇವತ್ತು ಬೀಗ ತಂದು ಹಾಕಂಡೋಗವ್ರೆ. ನಾನೂ ಕಿಟ್ಕಿ ತಟ್ದೆ, ತಟ್ದೆ… ದನಿನೇ ಇಲ್ಲ ಕಣಕ್ಕ. ಬೇಗ ಬನ್ನಿ."

ಪೊಲೀಸ್ ಸ್ಟೇಷನ್ನಿಗೆ ನನ್ನ ಯಜಮಾನರು ಫೋನ್ ಮಾಡಿ ಮಾತಾಡುತ್ತಿದ್ದಾರೆ, ನಡುಮನೆಯಲ್ಲಿ ನಿಂತು, ಗಟ್ಟಿಯಾಗಿ. ಪರದೆ ಎಳೆಯಲಿಲ್ಲ. ಬೀದಿಗೆಲ್ಲ ಕೇಳಲಿ. ಸ್ಕೂಲಿಗೆ ಬರುವುದಿಲ್ಲ ಎಂದು ಹೇಳಿಯಾಯಿತು. ಜಗಲಿಯ ಚಪ್ಪಲಿಗಳನ್ನು ಕವರಿಗೆ ಹಾಕಿಕೊಂಡೆ. ನನ್ನ ಫೋನ್ ಟೇಬಲ್ಲಿನ ಮೇಲಿದೆ. ಅದನ್ನು ಏನೂ ಕೇಳಲಿಲ್ಲ.

ಗೇಟಿನಲ್ಲಿ ಅತ್ತೆ ಆಟೋ ನಿಲ್ಲಿಸಿಕೊಂಡು ಕೂಗುತ್ತಿದ್ದಾರೆ. "ಸುತ್ಗೆ ತಂದಿವ್ನಿ, ಬಾರಮ್ಮಿ! ಅದೇನ್ ಬರೀತಾ ಕುಂತಿ?"

ಎಲ್ಲಿಗೆ ಹೋಗಲಿ ಎಂದು ರೂಪ ಕೇಳಿದ್ದಳು. ನಮ್ಮನೆಗೆ ಬಾ. ಉತ್ತರ ಇಷ್ಟೇ. ಹಿಂದಿನ ರೂಮು ಖಾಲಿಯೇ ಇದೆ, ಮೊದಲಿನಿಂದಲೂ. ಇದಕ್ಕೆ ಯಾರನ್ನು ಕೇಳಬೇಕಿತ್ತು? ನಿನ್ನೆಯೇ, ಆ ಕಿಟಕಿಯ ಮುಂದೆ, ಅವಳು ಸರಳು ಹಿಡಿದು ನಿಂತಿದ್ದಾಗಲೇ—