ಪರಿಣಾಮ ಸಾಲದ ಕಣ್ಣುಗಳು

ಸಂಶೋಧನಾ ಅನುದಾನ ಮಂಜೂರು ಮಾಡುವ ಮಾನ್ಯ ನಿರ್ದೇಶಕರೇ,

ನಿಪ್ಪಾಣಿಯ ಕಣ್ಣಿನ ಸಂಶೋಧನಾ ಘಟಕವನ್ನು ಇದೇ ೧೯೯೮ರ ಮಾರ್ಚ್ ಮೂವತ್ತೊಂದಕ್ಕೆ ಮುಚ್ಚಬೇಕೆಂಬ ತಮ್ಮ ಆದೇಶವನ್ನು ಓದಿದೆ. ದೂರದ ಹಳ್ಳಿಯವರು ಏಪ್ರಿಲ್‌ನಲ್ಲಿ ಸುಮ್ಮನೆ ಬಸ್ಸು ಹತ್ತಿ ಬರಬಾರದೆಂದು ಡಾಕ್ಟರ್ ಅಕ್ಕುತಾಯಿಯವರೇ ಅದನ್ನು ಬಾಗಿಲಿಗೆ ಅಂಟಿಸಿದ್ದಾರೆ. "ಸದರಿ ವಿಜ್ಞಾನಿಯ ಸಂಶೋಧನೆಯು ಹತ್ತು ವರ್ಷಗಳಲ್ಲಿ ಗಣನೀಯ ಪರಿಣಾಮ ಬೀರಿರುವುದಿಲ್ಲ" ಎಂದು ತಾವು ಬರೆದಿದ್ದೀರಿ. ವಿದೇಶದ ಪತ್ರಿಕೆಗಳಲ್ಲಿ ಅವರ ಕೆಲಸವನ್ನು ಉಲ್ಲೇಖಿಸಿದವರು ಏಳೇ ಜನರಂತೆ. ತಾವು ಸರಿಯಾಗಿಯೇ ಹುಡುಕಿದ್ದೀರಿ. ನಮ್ಮ ರಾಯಬಾಗ ತಾಲ್ಲೂಕಿನ ಹೆಂಗಸರು ವಿದೇಶದ ಪತ್ರಿಕೆಗಳಿಗೆ ಬರೆಯುವ ರೂಢಿ ಇನ್ನೂ ಮಾಡಿಕೊಂಡಿಲ್ಲ. ತಪ್ಪು ನಮ್ಮದೇ.

ನಾನು ಚಿಂಚಲಿಯ ಶಾಲೆಯಲ್ಲಿ ವಿಜ್ಞಾನ ಹೇಳುವ ಮಾಸ್ತರ. ಹತ್ತು ವರ್ಷದ ಹಿಂದೆ ದೀಪಾವಳಿ ಮುಂದೆ ನನ್ನ ಹೆಂಡತಿ ರುಕ್ಮವ್ವ ಗೋಡೆಗೆ ಬಳಿಯಲೆಂದು ಗಡಿಗೆಯಲ್ಲಿ ಸುಣ್ಣದ ಕಲ್ಲು ನೆನೆಹಾಕಿದ್ದಳು. ಕುದಿಯುವ ಸುಣ್ಣ ಸಿಡಿದು ಅವಳ ಎಡಗಣ್ಣಿಗೆ ಬಿತ್ತು. ನೆರೆಮನೆಯ ಮಲಕವ್ವ ಓಡಿಹೋಗಿ ತಂಬಿಗೆಯಲ್ಲಿ ನೀರು ತಂದಳು. ನಾನು ಅದನ್ನು ಕಸಿದುಕೊಂಡೆ. "ನೀರ ಹಾಕಬ್ಯಾಡ, ಸುಣ್ಣ ಮತ್ತ ಕುದೀತೈತಿ" ಎಂದೆ. ಸುಣ್ಣದ ಕಲ್ಲಿಗೆ ನೀರು ಬಿದ್ದರೆ ಕುದಿಯುತ್ತದೆಂದು ಏಳನೆಯ ತರಗತಿಗೆ ನಾನೇ ಪಾಠ ಮಾಡಿದವನಲ್ಲವೇ? ಊರಿನ ಪದ್ಧತಿಯಂತೆ ತುಪ್ಪ ಹಾಕಿ ಬಟ್ಟೆ ಕಟ್ಟಿದೆ. ಆಗಲೇ ನೀರು ಸುರಿದು ಚೆನ್ನಾಗಿ ತೊಳೆದಿದ್ದರೆ ಉಳಿಯಬಹುದಾಗಿದ್ದ ಕಣ್ಣು ಮಜ್ಜಿಗೆಯಂತೆ ಬೆಳ್ಳಗಾಯಿತು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರೆ. ಅವತ್ತು ನನ್ನ ಹತ್ತಿರ ಒಕ್ಕಾಲು ಮಾತ್ರ ಇತ್ತು.

ದೊಡ್ಡ ಊರಿಗೆ ಒಯ್ದು ತೀರಿಕೊಂಡವರೊಬ್ಬರ ಕಣ್ಣಿನ ಪಾರದರ್ಶಕ ಪದರ ಹೊಲಿಸಿದೆವು. ಆರು ತಿಂಗಳಿಗೆ ಅದೂ ಬೆಳ್ಳಗಾಯಿತು. ಕೊನೆಗೆ ಯಾರೋ ಅಕ್ಕುತಾಯಿಯವರ ಹೆಸರು ಹೇಳಿದರು. ಪಾಲಬಾವಿಯ ಕೂಲಿಯವರ ಮಗಳು, ದೂರದಲ್ಲಿ ಕಲಿತು ನಿಪ್ಪಾಣಿಗೆ ಬಂದವರು. ಅವರು ಕಣ್ಣು ನೋಡಿ, "ಮಾಸ್ತರ, ಕರಿಗುಡ್ಡಿ ಅಂಚಿನ್ಯಾಗ ತಾಯಿಕೋಶ ಅಂತ ಇರ್ತಾವ್ರಿ. ಕಣ್ಣಿನ ಮ್ಯಾಲಿನ ಪದರ ದಿನಾ ಸವೀತೈತಿ, ದಿನಾ ಅವು ಹೊಸಾದು ಬೆಳಸ್ತಾವು. ಇವರಿಗೆ ಅವ ಸುಟ್ಟಾವ್ರಿ. ಬೀಜ ಇಲ್ಲದ ಹೊಲಾ ಎಷ್ಟ ಹರಗಿದ್ರೇನ್ರಿ?" ಎಂದರು. ರುಕ್ಮವ್ವಳ ಒಳ್ಳೆಯ ಕಣ್ಣಿನ ಅಂಚಿನಿಂದ ಉಗುರಿನ ಚೂರಿನಷ್ಟು ತೆಗೆದು ಸುಟ್ಟ ಕಣ್ಣಿಗೆ ಕೂಡಿಸಿದರು. ಕೆಲ ತಿಂಗಳ ಮೇಲೆ ರುಕ್ಮವ್ವ ಬಲಗಣ್ಣು ಮುಚ್ಚಿಕೊಂಡು ಎಡಗಣ್ಣಿನಿಂದ ನನ್ನನ್ನೇ ನೋಡಿದಳು. "ಅವತ್ತ ಈ ಕಣ್ಣಿಗೆ ಕಡೀಕ ಕಂಡಿದ್ದು ತಂಬಗಿ ಕಸ್ಕೊಳ್ಳೋ ನಿಮ್ಮ ಕೈ ಆಗಿತ್ರಿ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ನಾನು ಅತ್ತುಬಿಟ್ಟೆ. ಇದು ಪರಿಣಾಮದೊಳಗೆ ಬರುತ್ತದೆಯೇ, ಅಥವಾ ಇದಕ್ಕೂ ವಿದೇಶದಿಂದ ಒಪ್ಪಿಗೆ ಬರಬೇಕೇ?

ಅಷ್ಟಕ್ಕೇ ಡಾಕ್ಟರು ಸುಮ್ಮನಾಗಲಿಲ್ಲ. ಊರೂರು ತಿರುಗಿ, ಸುಣ್ಣ ಬಿದ್ದ ಕಣ್ಣಿಗೆ ಮೊದಲು ನೀರು, ಆಮೇಲೆ ಡಾಕ್ಟರು ಎಂದು ಹೇಳಿದರು. ಇವತ್ತು ನಮ್ಮ ಕಡೆ ಸುಣ್ಣ ನೆನೆಹಾಕುವ ಹೆಂಗಸು ಮೊದಲು ಒಂದು ಕೊಡ ತಣ್ಣೀರು ಪಕ್ಕದಲ್ಲಿ ಇಟ್ಟುಕೊಳ್ಳುತ್ತಾಳೆ. ಹಾಳಾಗದೆ ಉಳಿದ ಕಣ್ಣುಗಳು ಆಸ್ಪತ್ರೆಗೆ ಬರುವುದಿಲ್ಲ. ಹೀಗಾಗಿ ಅವು ತಮ್ಮ ವರದಿಯಲ್ಲೂ ಇಲ್ಲ. "ನೀರಿನಿಂದ ತೊಳೆಯಲು ಹೇಳುವುದು ಸಂಶೋಧನೆಯಾಗದು" ಎಂದು ತಮ್ಮ ಸಮಿತಿ ಷರಾ ಬರೆದಿದೆ. ನಿಜ. ನನ್ನಂಥ ವಿಜ್ಞಾನದ ಮಾಸ್ತರನಿಗೂ ಹೊಳೆಯದ ಮಾತಿಗೆ ಏನೆನ್ನಬೇಕೆಂದು ತಾವೇ ತಿಳಿಸಬೇಕು.

ಇನ್ನು ತುಳಸವ್ವಳ ಮಾತು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವವಳು, ವಯಸ್ಸು ಮೂವತ್ತೆರಡು. ಅವಳಿಗೆ ಸುಣ್ಣ ಸಿಡಿದದ್ದು ಎರಡೂ ಕಣ್ಣಿಗೆ. ತನ್ನದೇ ಒಳ್ಳೆಯ ಕಣ್ಣೆಂಬುದು ಇಲ್ಲದ್ದರಿಂದ ಅವಳ ಅಕ್ಕ ಸತ್ತೆವ್ವ ತನ್ನ ಕಣ್ಣಂಚು ಕೊಡಲು ಒಪ್ಪಿದ್ದಾಳೆ. ಗಂಡನನ್ನೂ ಅತ್ತೆಯನ್ನೂ ಒಪ್ಪಿಸಲು ಅವಳಿಗೆ ಒಂದು ವರ್ಷ ಹಿಡಿಯಿತು. ಶಸ್ತ್ರಕ್ರಿಯೆ ಏಪ್ರಿಲ್ ಒಂಬತ್ತಕ್ಕೆ ನಿಗದಿಯಾಗಿದೆ. ತಮ್ಮ ಬೀಗ ಅದಕ್ಕಿಂತ ಒಂಬತ್ತು ದಿನ ಮೊದಲೇ ಬೀಳುತ್ತದೆ. ಬಾಗಿಲಿಗೆ ಅಂಟಿಸಿದ ಕಾಗದವನ್ನು ತುಳಸವ್ವ ಓದಿಲ್ಲ, ಓದುವುದು ಹೇಗೆ? ಮೊನ್ನೆ ಅಲ್ಲಿ ಸಿಕ್ಕಾಗ, "ಬೀಡಿ ಸುತ್ತೂದು ಕೈಗೆ ಗೊತ್ತೈತ್ರಿ ಮಾಸ್ತರ. ಎಲಿ ಕತ್ತರಸಾಕ ಕಣ್ಣ ಬೇಕ್ರಿ. ಅಷ್ಟ ಕಂಡ್ರ ಸಾಕ್ರಿ" ಎಂದಳು. ಹೂಂ ಎಂದು ಬಂದೆ. ಹೇಳುವ ಧೈರ್ಯ ನನಗಾಗಲಿಲ್ಲ, ಡಾಕ್ಟರಿಗೂ ಆಗಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆದೇಶವನ್ನು ಹಿಂದಕ್ಕೆ ಪಡೆಯಿರಿ. ಅದಾಗದಿದ್ದರೆ ಮಾರ್ಚ್ ಮುಗಿಯುವುದರೊಳಗೆ ತಾವೇ ನಿಪ್ಪಾಣಿಗೆ ಬಂದು, ತುಳಸವ್ವಳ ಎದುರು ಕುಳಿತು, ಅವಳ ಕಣ್ಣಿನ ಪರಿಣಾಮ ಏಕೆ ಸಾಲದೆಂದು ತಿಳಿಯುವ ಮಾತಿನಲ್ಲಿ ಹೇಳಿಹೋಗಿ. ಸಂಕೋಚ ಬೇಡ. ನೀವು ಯಾರು, ಮುಖ ಹೇಗಿದೆ ಎಂಬುದು ಅವಳಿಗೆ ಕಾಣುವುದಿಲ್ಲ.

ಇಂತಿ,
ಉತ್ತರ ಬರಲಿಕ್ಕಿಲ್ಲವೆಂದು ಪತ್ರಿಕೆಗೂ ಒಂದು ಪ್ರತಿ ಕಳಿಸಿದ
ಭೀಮಸಿ ಮಾಸ್ತರ, ಚಿಂಚಲಿ