ಖಾಲಿ ಕುರ್ಚಿಗಳ ಮುಂದೆ ಮಲ್ಲು

ಪ್ರೀತಿಯ ಭಾವನವರಿಗೆ,

ಪತ್ರದಲ್ಲಿ ಒಂದು ಸುಖವಿದೆ, ನಿಮಗೆ ಕೂಗಿ ಹೇಳಬೇಕಾಗಿಲ್ಲ. ಸೊಲ್ಲಾಪುರದ ಪವರ್‌ಲೂಮಿನ ಸದ್ದಿನಲ್ಲಿ ದುಡಿದು ದುಡಿದು ನಿಮ್ಮ ಕಿವಿ ಮಂದವಾದ ಮೇಲೆ ನಾವಿಬ್ಬರು ಆಡಿದ ಮಾತೆಲ್ಲ ಇಡೀ ಕುಂಭಾರಿ ಊರಿನ ಮಾತೇ ಆಗುತ್ತಿತ್ತು. "ಗುರ್ಯಾ, ಮನಿ ಮಾತು ಮನ್ಯಾಗ ಇರಲಿ" ಎಂದು ಅಕ್ಕ ಬೈಯುತ್ತಿದ್ದಳು. ನನಗೋ ಒಳಗೊಳಗೇ ಹೆಮ್ಮೆ. ಅಕ್ಕಲಕೋಟ ಸ್ಟ್ಯಾಂಡಿನಲ್ಲಿ ಜೀಪಿನ ಬಾಗಿಲು ಹಿಡಿದು "ಸೊಲ್ಲಾಪುರ, ಸೊಲ್ಲಾಪುರ" ಎಂದು ನಾನು ಒಮ್ಮೆ ಕೂಗಿದರೆ, ಸರಕಾರಿ ಎಸ್‌ಟಿ ಬಸ್ಸಿನಲ್ಲಿ ಸೀಟು ಹಿಡಿದು ಕೂತವನೂ ಚೀಲ ಎತ್ತಿಕೊಂಡು ಇಳಿದು ಬರುತ್ತಾನೆ. ಈ ಗಂಟಲಿಗೆ ಸೋಲದೆ ಉಳಿದದ್ದು ನಿಮ್ಮ ಕಿವಿ ಒಂದೇ.

ಮಲ್ಲು ಸೊಲ್ಲಾಪುರದ ಮೈದಾನದಲ್ಲಿ ಮೊದಲ ಸಲ ಗೋಲ್‌ಕೀಪರ್ ಆಗಿ ನಿಂತ ದಿನ ನೆನಪಿದೆಯೇ? ನಿಮ್ಮ ಮಗನಾದರೇನು, ನನ್ನ ಅಳಿಯ ತಾನೇ? ನಾನು ಬೆಂಚಿನ ಮೇಲೆ ಹತ್ತಿ ನಿಂತು ಒದರಿದ್ದೇ ಒದರಿದ್ದು. ನೀವು ಮಾತ್ರ ಮೊಣಕಾಲ ಮೇಲೆ ಕೈ ಇಟ್ಟುಕೊಂಡು, ಚೆಂಡಿನ ಕಡೆಗೂ ನೋಡದೆ, ಹುಡುಗನ ಕಾಲನ್ನೇ ನೋಡುತ್ತಾ ಕೂತಿದ್ದಿರಿ. ಅವನು ಹಾರಿ ಚೆಂಡು ಹಿಡಿದ ಕೂಡಲೇ ನಾನು ನಿಮ್ಮ ಭುಜ ಅಲುಗಾಡಿಸಿದೆ.

"ಭಾವಾ, ನಾ ಒದರೀನಿ ಅಂತ ಹಿಡದಾ ನೋಡ್ರಿ!"

"ನೀ ಒದರಾಕತ್ತಿದ್ದೇನು? ಆಕಳಿಸಾಕತ್ತಿ ಅಂದ್ಕೊಂಡಿದ್ದೆ ನಾ."

ಸುತ್ತ ಕೂತವರೆಲ್ಲ ನಕ್ಕರು. ನಾನು ಬಿಟ್ಟುಕೊಡಲಿಲ್ಲ ಬಿಡಿ. ಅವತ್ತಿನಿಂದ ಕಂಡವರಿಗೆಲ್ಲ ಒಂದೇ ಮಾತು: ಫುಟ್‌ಬಾಲಿನಲ್ಲಿ ಹನ್ನೊಂದು ಜನ ಆಡುತ್ತಾರೆ ಎನ್ನುವವನಿಗೆ ಆಟ ಗೊತ್ತಿಲ್ಲ, ಹನ್ನೆರಡನೆಯವನು ಬೆಂಚಿನ ಮೇಲೆ ನಿಂತಿರುತ್ತಾನೆ.

ಮುಂಬಯಿಯ ಕ್ಲಬ್ಬೊಂದು ಅವನನ್ನು ಸಂಬಳ ಕೊಟ್ಟು ಕರೆದುಕೊಂಡಾಗ ಊರೆಲ್ಲ ಪೇಢೆ ಹಂಚಿದ್ದು ನಾನು, ಚಿಂತೆ ಮಾಡಿದ್ದು ನೀವು. "ಆಟದಾಗ ಹುಡುಗನ ಜೀವನ ನಡೀತದೇನೋ ಗುರಸಿದ್ದ? ನಾಳೆ ಬ್ಯಾಡ ಅಂದ್ರ?" ಎಂದು ಕೇಳಿದಿರಿ. ನಾನಿದ್ದೇನಲ್ಲ ಎಂದೆ. ಅದಾಗಿ ಎರಡನೇ ವರ್ಷಕ್ಕೆ ನೀವೇ ಎದೆ ಹಿಡಿದುಕೊಂಡು ಹೊರಟುಬಿಟ್ಟಿರಿ. ಮಲ್ಲು ಬಂದ, ನಿಮಗೆ ಮಣ್ಣು ಕೊಟ್ಟ, ಹೋದ. ಆಮೇಲೆ ಆ ಹಾಳು ರೋಗ ಬಂತು. ನೀವು ಅದನ್ನು ನೋಡಲಿಲ್ಲ, ಒಳ್ಳೆಯದೇ ಆಯಿತು. ಬಸ್ಸು ನಿಂತವು, ಜೀಪು ನಿಂತಿತು, ಮೈದಾನಗಳಿಗೆ ಬೀಗ ಬಿತ್ತು. ಕೊನೆಗೆ ಆಟ ಶುರು ಮಾಡಿದರು, ಆದರೆ ಗೋವಾದಲ್ಲಿ, ಗೇಟು ಹಾಕಿಕೊಂಡು, ನೋಡುವ ಮಂದಿಯೇ ಇಲ್ಲದೆ. ಮಂದಿ ಇಲ್ಲದ ಆಟ! ಮದುಮಗನಿಲ್ಲದ ಮದುವೆಗಿಂತ ಏನು ಕಡಿಮೆ?

ಮೊದಲ ಮ್ಯಾಚನ್ನು ಅಕ್ಕನ ಮನೆಯ ಟಿವಿಯಲ್ಲಿ ನೋಡಿದೆವು. ಸಾವಿರಾರು ಖಾಲಿ ಕುರ್ಚಿ, ನಡುವೆ ಹಸಿರು ಮೈದಾನ, ಅದರ ಒಂದು ತುದಿಗೆ ನಮ್ಮ ಹುಡುಗ. ಟಿವಿಯವರು ಎಲ್ಲಿಂದಲೋ ತಂದ ಗದ್ದಲ ಸೇರಿಸಿದ್ದರು. "ಸುಳ್ಳ ಮಂದಿ ಯಾಕ ಕೂಗಾಕತ್ಯಾರ?" ಎಂದು ಅಕ್ಕ ದನಿಯನ್ನೇ ಬಂದ್ ಮಾಡಿದಳು. ಆಗ ನನಗೆ ನೀವು ನೆನಪಾದಿರಿ. ನೀವು ಇದ್ದಷ್ಟು ವರ್ಷ ಎಲ್ಲ ಆಟವನ್ನೂ ಹೀಗೇ ಸದ್ದಿಲ್ಲದೆ ನೋಡಿದವರಲ್ಲವೇ? ಈಗ ಇಡೀ ಜಗತ್ತು ನಿಮ್ಮ ಹಾಗೆ ಕೂತು ನೋಡುತ್ತಿತ್ತು.

ಆದರೆ ಮಲ್ಲುವಿನ ಆಟ ಕೆಟ್ಟು ಕೂತಿತು. ಆ ದಿನವೇ ಗೋಲು ಬಿಟ್ಟ, ಮುಂದಿನ ಮ್ಯಾಚಿನಲ್ಲಿ ಮತ್ತೆ ಬಿಟ್ಟ. ಬಿಟ್ಟದ್ದೂ ಒಂದೇ ರೀತಿ. ಅವನ ಮುಂದೆ ಆಡುವ ಕೊಲ್ಹಾಪುರದ ಅಜಿತ ಎಂಬ ಹುಡುಗ ಎದುರಾಳಿಯನ್ನು ಕಾಯುವುದು ಬಿಟ್ಟು ಗೋಲಿನ ಕಡೆ ಓಡಿ ಬರುವುದು, ಆ ಎದುರಾಳಿ ಆರಾಮಾಗಿ ಚೆಂಡು ಒದೆಯುವುದು. ಇಬ್ಬರ ನಡುವೆ ಮಾತು ನಿಂತಿತು. ಕರೆಯದೆ ಯಾಕೆ ಬರುತ್ತಾನೆ ಎಂದು ಇವನು, ಕರೆದದ್ದಕ್ಕೇ ಬಂದೆ ಎಂದು ಅವನು. ಕೋಚ್ ನಿಮ್ಮ ಮಗನ ಕಡೆ ಬೆರಳು ತೋರಿಸಿದ. ಹೀಗೇ ಆದರೆ ಸೀಸನ್ ಮುಗಿದ ಮೇಲೆ ಕರಾರು ಮುಂದುವರಿಸುವುದಿಲ್ಲ ಎಂದನಂತೆ.

ಗುಟ್ಟು ಹಿಡಿದವನು ಯಾರು? ನಿಮ್ಮ ಹೆಂಡತಿಯ ಈ ತಮ್ಮನೇ! ಮೂರನೇ ಮ್ಯಾಚಿಗೆ ನಾನು ಟಿವಿಯ ದನಿ ಏರಿಸಿ, ಅದಕ್ಕೆ ಕಿವಿ ಹಚ್ಚಿ ಕೂತೆ. ಸುಳ್ಳು ಗದ್ದಲದ ಅಡಿಯಲ್ಲಿ ಒಂದು ದನಿ ಕೇಳಿತು. ನಮ್ಮ ಮನೆಯದೇ ದನಿ. ಕೂಡಲೇ ಅಜಿತ ಹಿಂದೆ ತಿರುಗಿ ಓಡಿ ಬಂದ. ರಾತ್ರಿಯವರೆಗೂ ಕಾದು ಫೋನ್ ಮಾಡಿದೆ.

"ಮಲ್ಲು, ನೀನ 'ಏ' ಅಂತ ಒದರತಿ. ಅದಕ್ಕ ಅಂವ ಬರತಾನ."

"ನಾ ಎಲ್ಲಿ ಕರದೀನಿ ಮಾಮಾ? ಯಾರರ ತಪ್ಪು ಮಾಡಾಕತ್ರ ಒದರತೀನಿ, ಅಷ್ಟ."

"ಏನಂತ?"

"ಏ! ಅಂತ…"

ನಾವು "ಏ!" ಎಂದರೆ ನಿಲ್ಲು, ಬೇಡ, ಹುಷಾರು ಎಂದು. ಮರಾಠಿಯವನಿಗೆ ಅದೇ ದನಿ 'ಯೇ', ಅಂದರೆ ಬಾ! ಇವನು ಅಲ್ಲೇ ನಿಲ್ಲು ಎಂದು ಗದರಿದಾಗಲೆಲ್ಲ ಆ ಪಾಪದ ಹುಡುಗ ಕರೆದ ಎಂದು ಓಡಿ ಬರುತ್ತಿದ್ದ. ಮಲ್ಲು ಮರಾಠಿ ನೀರು ಕುಡಿದ ಹಾಗೆ ಮಾತಾಡುತ್ತಾನೆ, ಆದರೆ ಚೆಂಡು ಮೈಮೇಲೆ ಬರುವಾಗ ಬಾಯಿಗೆ ಬರುವುದು ಮನೆಯ ಮಾತೇ ಅಲ್ಲವೇ? ಇಷ್ಟು ವರ್ಷವೂ ಹಾಗೇ ಕೂಗುತ್ತಿದ್ದ. ಮಂದಿಯ ಗದ್ದಲದಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ನನ್ನಂಥವರು ಒದರಿ ಒದರಿ ಅವನನ್ನು ಕಾಪಾಡಿದ್ದೆವು ಎಂದು ಅವನಿಗೆ ಹೇಳಿದೆ. ಮರುದಿನ ಅಜಿತನೇ ನನಗೆ ಫೋನ್ ಮಾಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಮಾಮಾ, ಆತಾ ಮೀ ಕಾನಡೀ ಶಿಕ್ತೋ" ಎಂದ, ಇನ್ನು ಕನ್ನಡ ಕಲಿಯುತ್ತೇನೆ ಎಂದು. ಏ ಎಂದರೆ ನಿಲ್ಲಬೇಕು ಎಂಬುದೇ ಮೊದಲ ಪಾಠ.

ಗೋಲು ಕಡಿಮೆಯಾದವು. ಆದರೂ ಮಲ್ಲು ಮೊದಲಿನ ಮಲ್ಲು ಆಗಲಿಲ್ಲ, ಭಾವ. ಚೆಂಡಿಗೆ ಒಂದು ಕ್ಷಣ ತಡವಾಗಿ ಏಳುತ್ತಿದ್ದ. ಅದೇ ತಂಡದ ಇನ್ನೊಬ್ಬ ಹುಡುಗ, ಮಂದಿಯ ಮುಂದೆ ಚೆಂಡು ಮುಟ್ಟಲೂ ಅಂಜುತ್ತಿದ್ದವನು, ಖಾಲಿ ಮೈದಾನದಲ್ಲಿ ಹುಲಿಯಾಗಿದ್ದ. ಬೈಯುವವರಿಲ್ಲದೆ ರೆಫರಿ ಕೂಡ ನಿರಾಳವಾಗಿ ಸೀಟಿ ಊದುತ್ತಿದ್ದ. ಹಾಗಿರುವಾಗ ಇವನಿಗೇ ಯಾಕೆ ಹೀಗೆ? ನನಗೆ ಉತ್ತರ ಗೊತ್ತು ಎಂದುಕೊಂಡೆ. ಫೋನಿನಲ್ಲಿ ಎದೆಯುಬ್ಬಿಸಿ ಹೇಳಿದೆ:

"ನನ್ನ ದನಿ ಇಲ್ಲಲ್ಲ ಅಲ್ಲಿ, ಅದಕ್ಕ."

"ಮಾಮಾ, ಸಿಟ್ಟಿಗೇಳಬ್ಯಾಡ್ರಿ. ನಿಮ್ಮ ದನಿ ಮೈದಾನದಾಗ ಯಾವತ್ತೂ ಕೇಳಿಲ್ಲ ನನಗ. ಎಲ್ಲಾರದೂ ಕೂಡಿ ಒಂದ ಆವಾಜ ಆಗಿರತದ."

ಯಾವತ್ತೂ! ಇದನ್ನು ಕೇಳಿ ನೀವು ಅಲ್ಲಿ ಎಷ್ಟು ನಕ್ಕಿರಬೇಕು. ನಾನು ಏನಾದರೂ ಹೇಳುವ ಮೊದಲೇ ಅವನು ಇನ್ನೊಂದು ಮಾತು ಹೇಳಿದ.

"ಬಾಲ್ ಆ ಕಡೆ ಹೋದಾಗ ನನ್ನ ಕಣ್ಣು ಸ್ಟ್ಯಾಂಡಿಗೆ ಹೋಗ್ತಾವ. ಮಂದಿ ಇದ್ದಾಗ, ಅಪ್ಪ ಅವರಾಗ ಎಲ್ಲೋ ಕುಂತಾನ ಅಂದ್ಕೊಂಡು ಆಡತಿದ್ದೆ. ಈಗ ಒಂದೊಂದ ಕುರ್ಚಿನೂ ಕಾಣಸ್ತದ ಮಾಮಾ. ಒಂದರಾಗೂ ಇಲ್ಲ."

ಎಸ್‌ಟಿ ಬಸ್ಸು ಖಾಲಿ ಮಾಡಿಸುವ ಈ ಗಂಟಲಿನಿಂದ ಆಗ ಹೊರಟದ್ದು ಒಂದೇ ಮಾತು. "ಊಟಾ ಮಾಡಿದಿ?" ಎಂದು ಕೇಳಿ ಫೋನ್ ಇಟ್ಟೆ.

ಮುಂದಿನ ಸೀಸನ್ನಿಗೆ ಕರಾರೇನೋ ಉಳಿಯಿತು, ಆದರೆ ಕೂತದ್ದು ಬದಲಿ ಆಟಗಾರರ ಬೆಂಚಿನ ಮೇಲೆ. ಅದೂ ಮುಗಿಯುತ್ತಾ ಬಂತು. ಅಷ್ಟರಲ್ಲಿ ಗೇಟು ತೆರೆದು ಮಂದಿಯನ್ನು ಬಿಡತೊಡಗಿದರು. ಗೋವಾದವರ ಮೈದಾನದಲ್ಲಿ ಗೋವಾದವರ ಮೇಲೇ ಮ್ಯಾಚು. ಇವನ ಜಾಗದಲ್ಲಿ ಆಡುತ್ತಿದ್ದ ಮೊದಲ ಕೀಪರನ ಕೈ ಉಳುಕಿತ್ತು. ಕೋಚ್ ಮಲ್ಲುವನ್ನು ಕರೆದು, ಇವತ್ತು ಆಡಿ ತೋರಿಸು, ಇಲ್ಲವಾದರೆ ಬೇರೆ ಕೆಲಸ ನೋಡಿಕೋ ಎಂದ. ನಾನು ಟಿಕೀಟು ತೆಗೆಸಿದೆ. ಹೊರಡುವ ಹೊತ್ತಿಗೆ ನೋಡುತ್ತೇನೆ, ಅಕ್ಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ! ಜೀವಮಾನದಲ್ಲಿ ಮೈದಾನ ನೋಡದ ನಿಮ್ಮ ಹೆಂಡತಿ.

ಸ್ಟೇಡಿಯಂ ಕಿಕ್ಕಿರಿದಿತ್ತು. ಆಟ ಶುರುವಾಗಿ ಇನ್ನೂ ಬೆವರು ಬಂದಿರಲಿಲ್ಲ, ಮಲ್ಲುವಿನ ಕೈಯಿಂದ ಚೆಂಡು ಜಾರಿ ಗೋಲು. ಇಡೀ ಮೈದಾನ ಅವನನ್ನು ನೋಡಿ ಹೋ ಎಂದು ಊಳಿಟ್ಟಿತು, ಸೀಟಿ ಹೊಡೆಯಿತು. ಅಕ್ಕ ಎದ್ದು ನಿಂತು ಸೆರಗು ಬಿಗಿದಳು.

"ಯಾಂವಲೇ ನನ್ನ ಮಗಗ ಬೈಯಾಂವ? ಬಾ ಇಲ್ಲೆ, ನಾ ಹಿಡೀತೀನಿ ನಿನ್ನ ಬಾಲ್!"

ಪಕ್ಕದ ಗೋವಾದವನಿಗೆ ಏನೂ ತಿಳಿಯಲಿಲ್ಲ, ತನ್ನ ತಂಡಕ್ಕೇ ಜೈ ಅಂದಳೆಂದು ಆಕೆಗೆ ಕಡಲೆ ಕೊಟ್ಟ. ನಾನು ಮಲ್ಲುವನ್ನು ನೋಡಿದೆ. ನಗುತ್ತಿದ್ದ! ಬೈಗುಳದ ಕಡೆ ಮುಖ ಮಾಡಿ ನಿಂತು, ಕೈಗವಸು ಒಂದಕ್ಕೊಂದು ಬಡಿದು, ನಗುತ್ತಿದ್ದ. ಆಮೇಲೆ ಏನೆಂದು ಹೇಳಲಿ ಭಾವ? ಎಡಕ್ಕೆ ಹಾರಿದ, ಬಲಕ್ಕೆ ಹಾರಿದ, ಆಟಗಾರರ ತಲೆಗಳ ನಡುವಿಂದ ಮುಷ್ಟಿ ಎತ್ತಿ ಚೆಂಡು ಗುದ್ದಿದ. ಇನ್ನೊಂದು ಗೋಲು ಬೀಳಲಿಲ್ಲ. ಕೊನೆಕೊನೆಗೆ ಬೈಯುತ್ತಿದ್ದವರೇ ಚಪ್ಪಾಳೆ ತಟ್ಟಿದರು. ನಮ್ಮವರೂ ಒಂದು ಗೋಲು ಹೊಡೆದು ಆಟ ಸರಿಸಮ.

ಮುಗಿದ ಮೇಲೆ ಅವನು ನಮ್ಮ ಮುಂದಿನ ತಂತಿ ಜಾಳಿಗೆಯ ಹತ್ತಿರ ಬಂದ. ಕರಾರಿನ ಮಾತು ಆಮೇಲೆ ಹೇಳಿದ, ಮೊದಲು ಹೇಳಿದ್ದು ಇದು: "ಖಾಲಿ ಮೈದಾನದಾಗ ಗೋಲ್ ಬಿಟ್ರ ಒಬ್ಬರೂ ಬೈಯಲ್ಲ ಮಾಮಾ. ಅದ ಅಂಜಿಕಿ. ಇವತ್ತ ಬೈದರಲ್ಲ, ಜೀವ ಬಂತು. ಅಪ್ಪನ್ನ ಹುಡಕಲೇ ಇಲ್ಲ. ಇಷ್ಟ ಮಂದ್ಯಾಗ ಎಲ್ಲೋ ಅದಾನ ಅಂತ ಬಿಟ್ಟೆ."

ಆವತ್ತಿನಿಂದ ನಿಮ್ಮ ಮಗನೇ ಮೊದಲ ಕೀಪರ್. ಕರಾರು ಎರಡು ಸಲ ಮುಂದುವರಿದಿದೆ, ಈ ವರ್ಷ ತೋಳಿಗೆ ನಾಯಕನ ಪಟ್ಟಿ ಬೇರೆ. ಅವನ ಜೀವನ ನಡೆಯುತ್ತಿದೆ, ಚೆನ್ನಾಗಿಯೇ ನಡೆಯುತ್ತಿದೆ. ನನ್ನ ದನಿ ಅವನಿಗೆ ಕೇಳದಿದ್ದರೆ ಬೇಡ, ಆ ದೊಡ್ಡ ಆವಾಜಿನಲ್ಲಿ ನನ್ನ ಪಾಲು ನಾನು ಹಾಕುತ್ತೇನೆ, ಗಂಟಲು ಇರುವವರೆಗೂ. ಬರುವ ವಾರ ಮುಂಬಯಿಯಲ್ಲಿ ಮ್ಯಾಚು. ಒಂದು ಕುರ್ಚಿಯೂ ಖಾಲಿ ಉಳಿಯುವುದಿಲ್ಲವಂತೆ. ಅಷ್ಟು ನೂಕುನುಗ್ಗಲಿನಲ್ಲಿ ನಿಮ್ಮನ್ನು ಟಿಕೀಟು ಕೇಳುವವರು ಯಾರು ಭಾವ? ಸುಮ್ಮನೆ ಒಳಗೆ ಬಂದುಬಿಡಿ.

ನಿಮ್ಮ,
ಗುರಸಿದ್ದ